ಎಡೆಗೆ ಬಂದ ಕಡಲಹಕ್ಕಿ

ಇಂಗ್ಲೆಂಡಿನ ಬ್ರೈಟನ್ನಿಗೆ ಬಂದ ಮೊದಲ ವಾರವೇ ಸಮುದ್ರದಂಡೆಯಲ್ಲಿ ನನ್ನ ಆಲೂಗಡ್ಡೆ ಚಿಪ್ಸ್ ಹೋಯಿತು. ಬೆನ್ನ ಹಿಂದಿನಿಂದ ಬಂದ ಬಿಳಿ ಹಕ್ಕಿ ಭುಜ ಸವರಿಕೊಂಡು ಹಾರಿತು. ಕೈಯಲ್ಲಿ ಉಳಿದದ್ದು ಹರಿದ ಪೊಟ್ಟಣ. ಶಿರಾದಲ್ಲಿರುವ ಅಮ್ಮ ಫೋನಿನಲ್ಲಿ ಕೇಳಿ ನಕ್ಕಳು: "ಇಲ್ಲಿ ಎಡೆಯಿಟ್ಟು ಅರ್ಧ ಗಂಟೆ ಕಾ ಕಾ ಎಂದರೂ ಕಾಗೆ ಬರುವುದಿಲ್ಲ. ಅಲ್ಲಿ ಕರೆಯದೆಯೇ ಬರುತ್ತದೇನೋ?"

ಇದರ ಹೆಸರು ಹೆರಿಂಗ್ ಗಲ್, ಸೀಗಲ್ ಎಂದು ಕರೆಯುವ ಕಡಲಹಕ್ಕಿಗಳಲ್ಲೊಂದು. ರೆಕ್ಕೆ ಬಿಚ್ಚಿದರೆ ಹೆಚ್ಚುಕಡಿಮೆ ನಾಲ್ಕೂವರೆ ಅಡಿ. ಊರಿನವರು ಬೈಯದ ದಿನವಿಲ್ಲ, ಆದರೂ ಊರಿನ ಫುಟ್‌ಬಾಲ್ ತಂಡದ ಅಡ್ಡಹೆಸರು 'ಸೀಗಲ್ಸ್'! ಸಂಖ್ಯೆ ಇಳಿಯುತ್ತಿರುವುದರಿಂದ 2009ರಿಂದ ಬ್ರಿಟನ್ನಿನಲ್ಲಿ ಅಪಾಯದಲ್ಲಿರುವ ಹಕ್ಕಿಗಳ ಕೆಂಪುಪಟ್ಟಿಯಲ್ಲಿದೆ. ಕಳ್ಳನಾದರೂ ಅಳುಕುಂಟು: ದಿಟ್ಟಿಸಿ ನೋಡುತ್ತಿದ್ದರೆ ತಿಂಡಿಯ ಬಳಿ ಬರಲು ಹಿಂಜರಿಯುತ್ತದೆ ಎಂದು ಎಕ್ಸಿಟರ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದರು. ಅಂದಿನಿಂದ ನಾನು ಚಿಪ್ಸನ್ನು ಬಿಟ್ಟು ಹಕ್ಕಿಯನ್ನೇ ನೋಡುತ್ತಾ ತಿನ್ನುತ್ತೇನೆ.

ಮೇ ತಿಂಗಳಲ್ಲಿ ಎದುರುಮನೆಯ ಹೊಗೆಗೂಡಿನ ಬುಡದಲ್ಲೊಂದು ಜೋಡಿ ಗೂಡು ಕಟ್ಟಿತು. ಜೂನಿಗೆ ಮೂರು ಮರಿ, ಬೂದಿಬಣ್ಣದ ತುಪ್ಪಳದ ಮೇಲೆ ಎಳ್ಳು ಚೆಲ್ಲಿದಂತೆ ಚುಕ್ಕೆ. ಪಾತ್ರೆ ತೊಳೆಯುತ್ತಾ ನೋಡುವುದೇ ನನ್ನ ಕೆಲಸವಾಯಿತು. ತಾಯಿಯ ಹಳದಿ ಕೊಕ್ಕಿನ ಕೆಳತುದಿಯಲ್ಲಿ ಕುಂಕುಮದ ಬೊಟ್ಟಿನಷ್ಟು ಕೆಂಪು. ಮರಿ ಅದನ್ನು ಟಕಟಕನೆ ಕುಟುಕಿದರೆ ಸಾಕು, ತಾಯಿ ಕತ್ತು ಬಗ್ಗಿಸಿ ಗಂಟಲಿನಿಂದ ಮೀನನ್ನು ಕಕ್ಕುತ್ತದೆ. ನಿಕೋ ಟಿನ್‌ಬರ್ಗನ್ ರಟ್ಟಿನ ತಲೆಗಳನ್ನು ಮಾಡಿ ಈ ಬೊಟ್ಟನ್ನೇ ಪರೀಕ್ಷಿಸಿದ್ದರು. ಬಿಳಿ ಪಟ್ಟೆ ಬಳಿದ ಬರೀ ಕೆಂಪು ಕಡ್ಡಿಯನ್ನು ಮರಿಗಳು ನಿಜವಾದ ತಲೆಗಿಂತ ಹೆಚ್ಚು ಕುಟುಕಿದವಂತೆ! ಪ್ರಾಣಿವರ್ತನೆಯ ಅಧ್ಯಯನಕ್ಕಾಗಿ 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಆ ಮೀನಿನ ವಾಸನೆ ಕಿಟಕಿಯವರೆಗೂ ಬಂದಾಗ ನನಗೆ ಶಿರಾ ಬಳಿಯ ಕಗ್ಗಲಡು ಎಂಬ ಹಳ್ಳಿ ನೆನಪಾಗುತ್ತಿತ್ತು. ಚಿಕ್ಕವನಿದ್ದಾಗ ಅಪ್ಪ ಟಿವಿಎಸ್‌ನಲ್ಲಿ ಕೂರಿಸಿಕೊಂಡು ಕರೆದೊಯ್ದಿದ್ದರು. ಊರೊಳಗಿನ ಹುಣಸೆಮರಗಳ ತುಂಬ ಬಣ್ಣದ ಕೊಕ್ಕರೆ, ಕೆಳಗೆಲ್ಲ ಹಿಕ್ಕೆ, ಮೀನಿನ ನಾತ. ಅಲ್ಲೂ ತಾಯಿ ಮೀನು ಕಕ್ಕಿಯೇ ಉಣಿಸುವುದು. ಅದನ್ನು ನೋಡಬೇಕೆಂದು ನಾನು ಕತ್ತೆತ್ತಿ ನಿಂತರೆ ಅಪ್ಪ ಹತ್ತೇ ನಿಮಿಷಕ್ಕೆ ಗಾಡಿ ಚಾಲೂ ಮಾಡಿದರು. "ನೋಡಿದ್ದಾಯಿತಲ್ಲ, ನಡಿ."

ಮಹಾಲಯ ಅಮಾವಾಸ್ಯೆ ಬಂತು. ಬಾಳೆಎಲೆ ಸಿಗಲಿಲ್ಲ. ಕಾಗದದ ತಟ್ಟೆಯಲ್ಲಿ ಅನ್ನ, ಪಾಯಸ, ಅಪ್ಪನಿಗೆ ಇಷ್ಟವಾದ ಉದ್ದಿನವಡೆ ಇಟ್ಟು ಹಿತ್ತಿಲಗೋಡೆಯ ಮೇಲೆ ಎಡೆ ಹಾಕಿದೆ. ಕಾಗೆ ಇಲ್ಲೂ ಉಂಟು. ಒಂದು ಮರದಲ್ಲಿ ಕೂತು ಕತ್ತು ಓರೆ ಮಾಡಿ ಯೋಚಿಸುತ್ತಿತ್ತು. ನಾನು 'ಕಾ' ಎನ್ನುವಷ್ಟರಲ್ಲಿ ಸೀಗಲ್ ಇಳಿದು ವಡೆಯನ್ನು ಇಡಿಯಾಗಿ ನುಂಗಿಬಿಟ್ಟಿತು. ದಿಟ್ಟಿಸಿ ನೋಡಿದ್ದೂ ಉಪಯೋಗಕ್ಕೆ ಬರಲಿಲ್ಲ.

ಅಮ್ಮನಿಗೆ ಅಳುಕುತ್ತಲೇ ಹೇಳಿದೆ. ಒಂದು ಕ್ಷಣ ಮಾತಿಲ್ಲ.

"ಬಿಡೋ, ನಿಮ್ಮಪ್ಪ ಎಲೆ ಮುಂದೆ ಕೂತು ಯಾವತ್ತು ಕಾದಿದ್ದರು? ವಡೆ ಪೂರ್ತಿ ತಿಂದಿತು ತಾನೇ?"