ಬೂದಿಕೋಟೆಯಿಂದ ಕೋಲಾರದ ಮಕ್ಬರಾಕ್ಕೆ: ಸಿಪಾಯಿ ಮನೆತನವೊಂದರ ಜಾಡಿನಲ್ಲಿ ಒಂದು ದಿನ

ಹೈದರಾಲಿಯ ಊರು ಯಾವುದೆಂದು ಕೇಳಿದರೆ ಹೆಚ್ಚಿನವರು ಶ್ರೀರಂಗಪಟ್ಟಣವೆನ್ನುತ್ತಾರೆ. ಅವನು ಹುಟ್ಟಿದ್ದು ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ. ಸತ್ತ ಮೇಲೆ ಅವನ ದೇಹವನ್ನು ಮೊದಲು ತಂದಿಟ್ಟದ್ದು ಕೋಲಾರದಲ್ಲಿ, ತಂದೆಯ ಗೋರಿಯಲ್ಲಿ. ಆ ಗೋರಿಯಿರುವ ಕಟ್ಟಡವೇ ಮಕ್ಬರಾ. ಈ ಎರಡೂ ಜಾಗಗಳನ್ನು ಒಂದೇ ದಿನದಲ್ಲಿ ನೋಡಿ ಬರಬಹುದು. ಕಳೆದ ಚಳಿಗಾಲದಲ್ಲಿ ನಾನೂ, ಸೈನ್ಯದಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತರಾಗಿರುವ ನಮ್ಮ ಭಾವನವರೂ ಹಾಗೆ ಹೋಗಿಬಂದೆವು. ಆದರೆ ನಾವು ಹೋದ ಕ್ರಮ ತಪ್ಪಾಗಿತ್ತು. ಮುಂದೆ ಹೋಗುವವರು ಅದನ್ನು ತಿದ್ದಿಕೊಳ್ಳಲೆಂದೇ ಇಷ್ಟನ್ನೂ ಬರೆಯುತ್ತಿದ್ದೇನೆ.

ಬೆಂಗಳೂರಿನಿಂದ ಹೆದ್ದಾರಿ ಹಿಡಿದವರಿಗೆ ಮೊದಲು ಸಿಗುವುದು ಕೋಲಾರ, ಆಮೇಲೆ ಬಂಗಾರಪೇಟೆ, ಅದರಾಚೆ ಬೂದಿಕೋಟೆ. ನಾವು ರಸ್ತೆ ತೋರಿಸಿದಂತೆಯೇ ಹೋಗಿ, ಬೆಳಿಗ್ಗೆ ಒಂಬತ್ತಕ್ಕೆಲ್ಲ ಮಕ್ಬರಾ ನೋಡಿ, ಹದಿನೈದು ನಿಮಿಷದಲ್ಲಿ ಹೊರಗೆ ಬಂದುಬಿಟ್ಟೆವು. ಅಲ್ಲಿ ಮಲಗಿರುವವರು ಯಾರು, ಏಕೆ ಎಂಬುದು ಮನಸ್ಸಿಗೆ ಬಂದದ್ದು ಬೂದಿಕೋಟೆಯಲ್ಲಿ ನಿಂತಾಗ. ಸಂಜೆ ಮತ್ತೆ ಅದೇ ಮಕ್ಬರಾಕ್ಕೆ ಹೋಗಬೇಕಾಯಿತು. ಆದ್ದರಿಂದ ಬೆಳಗಿನ ರೈಲಿನಲ್ಲಿ ನೇರವಾಗಿ ಬಂಗಾರಪೇಟೆಗೆ ಹೋಗುವುದು ಲೇಸು. ಬೆಂಗಳೂರಿನಿಂದ ಮಾರಿಕುಪ್ಪಂ ಕಡೆಗೆ ಹೋಗುವ ಗಾಡಿಗಳು ಅಲ್ಲಿ ನಿಲ್ಲುತ್ತವೆ. ಸುಮಾರು ಒಂದೂವರೆ ಗಂಟೆಯ ಪಯಣ. ಬೂದಿಕೋಟೆಯನ್ನು ಬಿಸಿಲೇರುವ ಮುಂಚೆ ಮುಗಿಸಿ, ಸಂಜೆಯನ್ನು ಕೋಲಾರಕ್ಕೆ ಇಟ್ಟುಕೊಳ್ಳಿ.

ಬಂಗಾರಪೇಟೆಯಿಂದ ಬೂದಿಕೋಟೆಗೆ ಹತ್ತು-ಹದಿನೈದು ಕಿಲೋಮೀಟರ್. ಬಸ್ಸು ಹತ್ತುವಾಗಲೇ ವಾಪಸ್ ಬಸ್ಸಿನ ವೇಳೆಯನ್ನು ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ನಾವು ಕೇಳದೆ ಮಧ್ಯಾಹ್ನದ ಬಸ್ಸು ತಪ್ಪಿಸಿಕೊಂಡು, ಕೊನೆಗೆ ಟೊಮೆಟೊ ಕ್ರೇಟು ತುಂಬಿದ್ದ ಟೆಂಪೋ ಒಂದರಲ್ಲಿ ಡ್ರೈವರ್ ಪಕ್ಕ ಒತ್ತಿಕೊಂಡು ಕುಳಿತು ಬಂದೆವು. ಆಟೋದವರು ಬರುತ್ತಾರೆ, ಆದರೆ ಹೋಗಿಬರುವ ಬಾಡಿಗೆಯನ್ನೂ ಕಾಯುವ ಹೊತ್ತನ್ನೂ ಮೊದಲೇ ಮಾತಾಡಿಕೊಳ್ಳಬೇಕು.

ಬೂದಿಕೋಟೆಯೆಂದರೆ ಬೂದಿಯ ಕೋಟೆ. ಹತ್ತಿರದ ಮಾರ್ಕಂಡೇಯ ಬೆಟ್ಟದ ಯಜ್ಞಕ್ಕೂ ಈ ಹೆಸರಿಗೂ ಸ್ಥಳಪುರಾಣ ನಂಟು ಕಟ್ಟಿದೆ. ಅರಮನೆ, ವಸ್ತುಸಂಗ್ರಹಾಲಯಗಳನ್ನು ನಿರೀಕ್ಷಿಸಿ ಹೋದವರಿಗೆ ಇಲ್ಲಿ ನಿರಾಸೆಯೇ ಆದೀತು. ಮನೆತನದ ಕತೆಯನ್ನು ಮೊದಲೇ ಓದಿಕೊಂಡು ಹೋದವರಿಗೆ ಮಾತ್ರ ಈ ಊರು ಮಾತಾಡುತ್ತದೆ. ಹೈದರನ ಹಿರಿಯರು ಕಲಬುರಗಿ, ವಿಜಯಪುರಗಳ ಕಡೆಯಿಂದ ಕೋಲಾರಕ್ಕೆ ಬಂದವರು. ತಂದೆ ಫತೇ ಮುಹಮ್ಮದ್ ಆರ್ಕಾಟಿನ ನವಾಬನ ಸೇನೆಯಲ್ಲಿ ಬಿದಿರಿನ ರಾಕೆಟ್ ಹಾರಿಸುವ 50 ಮಂದಿಯ ತುಕಡಿಗೆ ಮುಂದಾಳಾಗಿದ್ದ. ಮೈಸೂರಿನ ಚಾಕರಿಯನ್ನೂ ಶಿರಾದ ಚಾಕರಿಯನ್ನೂ ಕಂಡವನು. ಕತ್ತಿಯ ಬಲದಿಂದ ಮೇಲೇರಿ ನಾಯಕನೆನಿಸಿಕೊಂಡು, ಬೂದಿಕೋಟೆಯನ್ನು ಜಹಗೀರಾಗಿ ಪಡೆದ. ಪದಕಗಳಿಲ್ಲದ ಆ ಕಾಲದಲ್ಲಿ ಶೌರ್ಯಕ್ಕೆ ಕೊಡುತ್ತಿದ್ದ ಬಹುಮಾನ ಬಿರುದು, ಇಲ್ಲವೇ ಭೂಮಿ. ಇಲ್ಲಿಯೇ ಹೈದರ್ ಹುಟ್ಟಿದ; 1720, 1721, 1722 ಎಂದು ಒಬ್ಬೊಬ್ಬರು ಒಂದೊಂದು ವರ್ಷ ಬರೆದಿದ್ದಾರೆ.

ಸುಮಾರು 1728ರಲ್ಲಿ ಫತೇ ಮುಹಮ್ಮದ್ ಯುದ್ಧದಲ್ಲಿ ಮಡಿದ. ಹೈದರನಿಗೆ ಆಗ ಆರರಿಂದ ಎಂಟು ವರ್ಷ ಇದ್ದೀತು. ಯಜಮಾನ ಸತ್ತೊಡನೆ ಸಾಲ, ಬಾಕಿ ಎಂಬ ನೆಪ ಹುಟ್ಟಿಕೊಂಡಿತು. ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿಖಾನನು ಮನೆಯಲ್ಲಿದ್ದುದನ್ನೆಲ್ಲ ದೋಚಿದ್ದು ಸಾಲದೆಂದು, ತಾಯಿಯಿಂದ ಇನ್ನಷ್ಟು ಕೀಳಲು ಹೈದರನನ್ನೂ ಅಣ್ಣ ಶಹಬಾಜನನ್ನೂ ನಗಾರಿಯೊಳಗೆ ಕೂಡಿಹಾಕಿ ಹೊರಗಿನಿಂದ ಬಾರಿಸಿದನಂತೆ. ಮೈಸೂರಿನ ಸೇವೆಯಲ್ಲಿದ್ದ ಬಂಧುವೊಬ್ಬನ ದೆಸೆಯಿಂದ ಆ ಕುಟುಂಬಕ್ಕೆ ಬಿಡುಗಡೆಯಾಯಿತು. ಮೂವತ್ತು ವರ್ಷ ಕಳೆದ ಮೇಲೆ ಹೈದರ್ ದೊಡ್ಡಬಳ್ಳಾಪುರದ ಮೇಲೆ ಬಂದಾಗ ಅದೇ ಅಬ್ಬಾಸ್ ಕುಲಿಖಾನ್ ಮದರಾಸಿಗೆ ಓಡಿಹೋದ. ಇದನ್ನು ನಾನು ಓದಿ ಹೇಳುತ್ತಿದ್ದಾಗ ಭಾವನವರು ಹುಣಸೆಮರದ ನೆರಳಿನಲ್ಲಿ ಕುಳಿತು, ಕೈಯಲ್ಲಿದ್ದ ಸ್ಟೀಲ್ ನೀರಿನ ಬಾಟಲಿಯನ್ನು ಬೆರಳಿನಿಂದ ಒಮ್ಮೆ ತಟ್ಟಿ, ಆ ಸದ್ದು ಅಡಗುವವರೆಗೆ ಕೇಳಿಸಿಕೊಂಡು, ಏನೂ ಹೇಳದೆ ಕೆಳಗಿಟ್ಟರು.

ಊಟಕ್ಕೆ ಬಂಗಾರಪೇಟೆಗೆ ಮರಳುವುದೇ ಅನುಕೂಲ. ನೀರಿನಷ್ಟೇ ತಿಳಿಯಾದ ಖಾರದ ಪಾನಿ ಹಾಕಿಕೊಡುವ ಇಲ್ಲಿಯ ಪಾನಿಪುರಿ ಹೆಸರಾದದ್ದು. ಬಣ್ಣ ನೋಡಿ ಸಪ್ಪೆಯೆಂದುಕೊಂಡರೆ ಮೋಸಹೋಗುತ್ತೀರಿ. ಅಲ್ಲಿಂದ ಕೋಲಾರ ಸುಮಾರು 16 ಕಿಲೋಮೀಟರ್, ಬಸ್ಸುಗಳಿಗೆ ಕೊರತೆಯಿಲ್ಲ. ಟೊಮೆಟೊ ಸುಗ್ಗಿಯ ದಿನಗಳಲ್ಲಿ ಕೋಲಾರದ ಎಪಿಎಂಸಿ ಸುತ್ತ ಲಾರಿಗಳು ಸಾಲುಗಟ್ಟುವುದರಿಂದ ಅರ್ಧ ಗಂಟೆ ಹೆಚ್ಚಿಗೆ ಲೆಕ್ಕ ಹಾಕಿಕೊಳ್ಳಿ.

ಈ ಪ್ರಯಾಣದ ಹೊತ್ತಿನಲ್ಲಿ ಹೈದರನ ಏಳಿಗೆಯನ್ನು ಮೆಲುಕು ಹಾಕಬಹುದು. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಅಣ್ಣನ ದಳದೊಂದಿಗೆ ಕಾದಾಡುತ್ತಿದ್ದ ಅವನ ಎದೆಗಾರಿಕೆ ಮೈಸೂರಿನ ಮಂತ್ರಿ ನಂಜರಾಜಯ್ಯನ ಕಣ್ಣಿಗೆ ಬಿದ್ದು, 50 ಕುದುರೆ ಸವಾರರ ಮತ್ತು 200 ಕಾಲಾಳುಗಳ ಒಡೆತನ ದೊರೆಯಿತು. ಮರಾಠರನ್ನು ಎದುರಿಸಿ ನಿಂತದ್ದಕ್ಕೆ ಫತೇ ಹೈದರ್ ಬಹಾದ್ದೂರ್ ಎಂಬ ಬಿರುದು ಬಂತು. 1761ರ ಹೊತ್ತಿಗೆ ಮೈಸೂರಿನ ಅಧಿಕಾರವೆಲ್ಲ ಅವನ ಕೈಯಲ್ಲಿತ್ತು. ಆ ಮುಂದಿನ ರಾಜಕಾರಣ ಎಲ್ಲ ಪುಸ್ತಕಗಳಲ್ಲಿಯೂ ಸಿಗುತ್ತದೆ. ಕೋಲಾರಕ್ಕೆ ಬೇಕಾದದ್ದು ಅವನ ಸಾವು.

ಎರಡನೆಯ ಆಂಗ್ಲೋ-ಮೈಸೂರು ಯುದ್ಧ ನಡೆಯುತ್ತಿದ್ದಾಗ, 1782ರ ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ಬೀಡಿನಲ್ಲಿ ಹೈದರ್ ತೀರಿಕೊಂಡ. ಮಗ ಟಿಪ್ಪು ಮಲಬಾರಿನ ಕಡೆಯಲ್ಲಿದ್ದ. ಸುದ್ದಿ ಹೊರಬಿದ್ದರೆ ಸೈನ್ಯ ಚೆದರೀತೆಂದು ಅಧಿಕಾರಿಗಳು ಸಾವನ್ನು ಮುಚ್ಚಿಟ್ಟರು. ದೇಹಕ್ಕೆ ಸುಗಂಧದ್ರವ್ಯ ತುಂಬಿ, ಪೆಟ್ಟಿಗೆಯಲ್ಲಿರಿಸಿ, ಖಜಾನೆಯ ಹಣ ಸಾಗಿಸುವಂತೆ ಕಾವಲಿನೊಡನೆ ಕೋಲಾರಕ್ಕೆ ಕಳುಹಿಸಿದರು. ತಂದೆಯ ಗೋರಿಯಲ್ಲಿ ಕೆಲಕಾಲವಿದ್ದು, ಆಮೇಲೆ ಅದು ಶ್ರೀರಂಗಪಟ್ಟಣದ ಗುಂಬಜ್ ಸೇರಿತು.

ಮಕ್ಬರಾ ಊರ ನಡುವೆಯೇ ಇದೆ. ಸ್ಥಳೀಯರನ್ನು ಕೇಳುವಾಗ "ಹೈದರಾಲಿ ಗೋರಿ" ಎನ್ನಬೇಡಿ. "ಮಕ್ಬರಾ" ಎಂದರೆ ಸಾಕು. ಇದು ಭಕ್ತಿಯಿಂದ ನಡೆದುಕೊಳ್ಳುವ ಜಾಗವಾದ್ದರಿಂದ ಚಪ್ಪಲಿ ಹೊರಗೆ ಬಿಟ್ಟು, ತಲೆಗೆ ಕರವಸ್ತ್ರ ಕಟ್ಟಿಕೊಂಡು ಹೋಗಬೇಕು; ಫೋಟೋ ತೆಗೆಯುವ ಮುಂಚೆ ಅಲ್ಲಿದ್ದವರನ್ನು ಒಂದು ಮಾತು ಕೇಳಿ. ಬೆಳಿಗ್ಗೆ ನಾವು ಬಾಗಿಲಿನಿಂದಲೇ ಇಣುಕಿ ಮರಳಿದ್ದ ಗೋರಿಗಳ ಮುಂದೆ ಸಂಜೆ ಭಾವನವರು ಬಹಳ ಹೊತ್ತು ನಿಂತರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಳ್ಳುತ್ತ, "ಕಾವಲಿಗೆ ಬಂದ ಸಿಪಾಯಿಗಳಿಗೆ ಪೆಟ್ಟಿಗೆಯೊಳಗೆ ಏನಿದೆ ಅಂತ ಗೊತ್ತಿತ್ತೇನಯ್ಯಾ?" ಎಂದು ಕೇಳಿದರು.

ಇನ್ನೊಂದು ದಿನ ಬಿಡುವಿದ್ದವರು ದೇವನಹಳ್ಳಿ ಕೋಟೆ ಮತ್ತು ದೊಡ್ಡಬಳ್ಳಾಪುರವನ್ನು ಸೇರಿಸಿಕೊಳ್ಳಬಹುದು; ಅವೆರಡರ ನಡುವೆ ಇಪ್ಪತ್ತು ಕಿಲೋಮೀಟರ್‌ಗಿಂತ ಹೆಚ್ಚೇನಿಲ್ಲ. ಕೋಲಾರದಿಂದ ಬೆಂಗಳೂರಿಗೆ ರಾತ್ರಿಯವರೆಗೂ ಬಸ್ಸುಗಳಿವೆ. ಭಾನುವಾರ ಸಂಜೆ ಮಾತ್ರ ಸೀಟು ಸಿಗುವುದು ಕಷ್ಟ. ನಾವು ಹೊಸಕೋಟೆಯವರೆಗೆ ನಿಂತೇ ಬಂದೆವು.