ಎಫ್ ಕೂರ್ತಿಲ್ವಾ? ಐದನೇ ಫ್ರೆಟ್‌ಗೆ ಹೋಗಿ

ಗಿಟಾರ್ ಕಲಿಯುವವರಿಗೆ ಸಿ, ಜಿ, ಡಿ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಎಲ್ಲಾ ಆರಾಮಾಗಿ ಬರುತ್ತವೆ. ಎಫ್ ಬಂತು ಅಂದ್ರೆ ಗಿಟಾರ್ ಬೀರು ಮೇಲೆ ಹತ್ತುತ್ತದೆ. ನಮ್ಮ ತೀರ್ಥಹಳ್ಳಿ ಕಡೆ ಅಂಥ ಗಿಟಾರ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಕೈಗೆ ಬಲ ಸಾಲದು ಅನ್ನುವವರೇ ಜಾಸ್ತಿ. ನನ್ನ ಪ್ರಕಾರ ತೊಂದರೆ ಬಲದ್ದಲ್ಲ, ಜಾಗದ್ದು. ಎಫ್‌ಗೆ ತೋರುಬೆರಳನ್ನು ಆರೂ ತಂತಿ ಮೇಲೆ ಅಡ್ಡ ಮಲಗಿಸಬೇಕು, ಅದೂ ಮೊದಲನೇ ಫ್ರೆಟ್‌ನಲ್ಲಿ (ಫ್ರೆಟ್ ಅಂದ್ರೆ ಗಿಟಾರ್ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿ), ನಟ್ ಪಕ್ಕದಲ್ಲೇ (ನಟ್ ಅಂದ್ರೆ ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಗೀರುಗಳ ಪಟ್ಟಿ). ಅಲ್ಲಿ ತಂತಿ ಸುಲಭಕ್ಕೆ ಬಗ್ಗುವುದಿಲ್ಲ. ಅದೇ ಆಕಾರವನ್ನು ಐದನೇ ಫ್ರೆಟ್‌ನಲ್ಲಿ ಹಿಡಿದು ನೋಡಿ. ಅದು ಎ ಮೇಜರ್. ಅಲ್ಲಿ ಸರಿಯಾಗಿ ಕೂತ ಮೇಲೆ ಒಂದೊಂದೇ ಫ್ರೆಟ್ ಕೆಳಗಿಳಿಯಿರಿ, ಮೂರನೆಯದರಲ್ಲಿ ಜಿ ಸಿಗುತ್ತದೆ, ಕೊನೆಗೆ ಎಫ್.

ಇನ್ನೊಂದು ಮಾತು, ಇದನ್ನು ಯಾಕೋ ಯಾರೂ ಮೊದಲೇ ಹೇಳುವುದಿಲ್ಲ. ತೋರುಬೆರಳು ಆರೂ ತಂತಿಯನ್ನು ಗಟ್ಟಿಯಾಗಿ ಒತ್ತಬೇಕಿಲ್ಲ. ಐದು, ನಾಲ್ಕು, ಮೂರನೇ ತಂತಿಗಳನ್ನು ಉಳಿದ ಬೆರಳುಗಳು ನೋಡಿಕೊಳ್ಳುತ್ತವೆ. ತೋರುಬೆರಳಿನ ಪಾಲಿಗೆ ಉಳಿಯುವುದು ದಪ್ಪನೆಯ ಆರನೆಯದು ಮತ್ತು ಕೊನೆಯ ಎರಡು ತೆಳು ತಂತಿ (ಎರಡನೆಯದು, ಒಂದನೆಯದು), ಅಷ್ಟೇ. ಬೆರಳನ್ನು ಹೆಬ್ಬೆರಳಿನ ಕಡೆಗೆ ಸ್ವಲ್ಪ ಹೊರಳಿಸಿ, ಮೂಳೆ ಇರುವ ಪಕ್ಕ ತಂತಿಗೆ ತಾಗಲಿ. ಎರಡನೇ ತಂತಿ ಡಬ್ ಅಂತ ಸತ್ತರೆ ಅದು ಬೆರಳಿನ ಗೆಣ್ಣಿನ ಸಂದಿಗೆ ಸಿಕ್ಕಿಕೊಂಡಿದೆ ಅಂತ ಅರ್ಥ, ಬೆರಳನ್ನು ಒಂಚೂರು ಮೇಲೆ ಕೆಳಗೆ ಸರಿಸಿದರೆ ಸಾಕು. ಹೆಬ್ಬೆರಳಿನಿಂದ ಹಿಂಡಬೇಡಿ. ಮೊಣಕೈ ಸ್ವಲ್ಪ ಹಿಂದಕ್ಕೆ ಎಳೆದರೆ ತೋಳಿನ ಭಾರವೇ ಅರ್ಧ ಕೆಲಸ ಮಾಡುತ್ತದೆ.

ಇಷ್ಟಾದರೂ ಬರದಿದ್ದರೆ ಬೆರಳನ್ನು ಬಿಟ್ಟು ಗಿಟಾರ್ ನೋಡಿ. ಮಳೆಗಾಲದಲ್ಲಂತೂ ಖಂಡಿತ ನೋಡಿ. ಹಪ್ಪಳ ಮೆತ್ತಗಾಗುವ, ಬಾಗಿಲು ಊದಿಕೊಂಡು ಚಿಲಕ ಕೂರದ ಊರಲ್ಲಿ ಗಿಟಾರ್ ಮರ ಮಾತ್ರ ಸುಮ್ನೆ ಇರುತ್ತದಾ? ಅಕೌಸ್ಟಿಕ್ ಗಿಟಾರ್‌ಗೆ ಗಾಳಿಯಲ್ಲಿ ಶೇ 45ರಿಂದ 55ರಷ್ಟು ತೇವ ಇದ್ದರೆ ಒಳ್ಳೆಯದು, ಆಷಾಢದಲ್ಲಿ ನಮ್ಮಲ್ಲಿ ಅದು ಎಷ್ಟೋ ದಿನ 90 ದಾಟಿರುತ್ತದೆ. ಮೇಲಿನ ಹಲಗೆ ಉಬ್ಬಿ ಬ್ರಿಡ್ಜ್ (ಹಲಗೆ ಮೇಲೆ ತಂತಿ ಕಟ್ಟಿರುವ ಪಟ್ಟಿ) ಏಳುತ್ತದೆ, ತಂತಿ ಫ್ರೆಟ್‌ನಿಂದ ದೂರ ಹೋಗುತ್ತದೆ. ಕೇಸ್ ಒಳಗೆ ಸಿಲಿಕಾ ಜೆಲ್ ಹಾಕಿಡಿ. ಬಚ್ಚಲೊಲೆ ಹತ್ತಿರ ಒಣಗಲು ಮಾತ್ರ ಇಡಬೇಡಿ, ಬಿಸಿಗೆ ಅಂಟು ಬಿಡುತ್ತದೆ.

ನಟ್‌ನಲ್ಲಿ ತಂತಿ ಎತ್ತರಕ್ಕಿದ್ದರೂ ಎಫ್ ಕಷ್ಟ, ಅದರ ಪರೀಕ್ಷೆ ಸುಲಭ. ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಮೊದಲನೇ ಫ್ರೆಟ್ ಮೇಲೆ ಬಗ್ಗಿ ನೋಡಿ. ಕೂದಲೆಳೆಯಷ್ಟು ಸಂದಿ ಇದ್ದರೆ ಸರಿ. ಜಾಸ್ತಿ ಇದ್ದರೆ ನಟ್‌ನ ಗೀರು ಉಜ್ಜಿಸಬೇಕು. ನಾನು ಶಿವಮೊಗ್ಗದಲ್ಲಿ ಉಜ್ಜಿಸಿ, ದಪ್ಪನೆಯ 12ರ ತಂತಿ ತೆಗೆದು ತೆಳುವಾದ 10ರದ್ದು ಹಾಕಿಸಿಕೊಂಡೆ. ಬಸ್ ಚಾರ್ಜ್ ಸೇರಿಸಿದರೂ ಹೊಸ ಗಿಟಾರ್‌ಗಿಂತ ಎಷ್ಟೋ ಅಗ್ಗ.

ಎಫ್ ಬಂದವರಿಗೆ ಬಿ ಮೈನರ್ ಕಷ್ಟವಿಲ್ಲ. ಬಿ ಮೇಜರ್‌ನಲ್ಲಿ ಉಂಗುರ ಬೆರಳನ್ನೂ ಮಲಗಿಸಬೇಕು ಅಲ್ವಾ, ಅದರ ಬಗ್ಗೆ ಸದ್ಯಕ್ಕೆ ನನ್ನನ್ನು ಕೇಳಬೇಡಿ.