ಮಾತಿಲ್ಲದ ಕಾರ್ಟೂನ್ ನೋಡಿದರೆ ಮಗು ಮಾತು ಕಲಿಯುವುದು ಹೇಗೆ?

"ಆ ಕಾರ್ಟೂನಿನಲ್ಲಿ ಯಾರೂ ಬಾಯಿ ಬಿಟ್ಟು ಮಾತನಾಡುವುದೇ ಇಲ್ಲವಲ್ಲೋ. ಅದನ್ನು ನೋಡುತ್ತಾ ಕೂತರೆ ಕೂಸು ಮಾತು ಕಲಿಯುವುದು ಯಾವಾಗ?"

ಮೊದಲು ಕೇಳಿದವಳು ಅವ್ವ, ನವಲಗುಂದದಿಂದ ವಿಡಿಯೊ ಕರೆಯಲ್ಲಿ. ಆಮೇಲೆ ಜರ್ಮನಿಯಲ್ಲಿರುವ ಕನ್ನಡದ ಗೆಳೆಯರು. ಯುಗಾದಿಗೋ ದೀಪಾವಳಿಗೋ ನಾಲ್ಕು ಮನೆಯವರು ಸೇರಿದರೆ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಪ್ರತಿ ಸಲವೂ ಅರ್ಧ ಉತ್ತರ ಕೊಟ್ಟು ಹೋಳಿಗೆಯ ಕಡೆ ಕೈ ಚಾಚಿದ್ದೇನೆ. ಉಳಿದರ್ಧ ಇಲ್ಲಿದೆ.

ನನ್ನ ಮಗಳು ನೋಡುವುದು ಕ್ರ್ತೆಕ್ ಎಂಬ ಪುಟ್ಟ ಪ್ರಾಣಿಯ ಕಥೆಗಳನ್ನು. ಜರ್ಮನಿಯ ಮಕ್ಕಳ ಟಿವಿ ಕಾರ್ಯಕ್ರಮದ ಮೂಲಕ ಇಲ್ಲಿನ ಎರಡು ಮೂರು ತಲೆಮಾರಿನವರಿಗೆ ಪರಿಚಿತನಾದ ಈತ ಹುಟ್ಟಿದ್ದು ಪ್ರಾಗ್‌ನಲ್ಲಿ. ಇಂಗ್ಲಿಷಿನಲ್ಲಿ ಮೋಲ್ ಎನ್ನುವ ಪ್ರಾಣಿ: ಕಪ್ಪು ಮೈ, ಕೆಂಪು ಮೂಗು, ಸಲಿಕೆಯಂಥ ಕೈ, ತಲೆಯ ಮೇಲೆ ಎಣಿಸಬಹುದಾದಷ್ಟು ಕೂದಲು. ನಮ್ಮ ನೆಲದಲ್ಲಿ ಇಲ್ಲದ ಪ್ರಾಣಿಯಾದ್ದರಿಂದ ಅದಕ್ಕೆ ಬಾಯಿಗೆ ಬರುವ ಕನ್ನಡದ ಹೆಸರೂ ಇಲ್ಲ. ಅವ್ವ ನೋಡಿದ ಕೂಡಲೇ "ಹೆಗ್ಗಣ" ಎಂದಳು. ನಾನು "ಸುಂಡಿಲಿ" ಎಂದು ತಿದ್ದಲು ಹೋದೆ, ಅದೂ ತಪ್ಪೇ. ಕೊನೆಗೆ ಮಗಳೇ "ಮಣ್ಣಿಲಿ" ಎಂದು ಕರೆದಳು. ನಮ್ಮ ಮನೆಯ ಮಟ್ಟಿಗೆ ಅದೇ ನಿಂತಿದೆ.

ಮಣ್ಣಿಲಿಯನ್ನು ಬರೆದವನು ಜ್ದೆನೆಕ್ ಮಿಲೆರ್ ಎಂಬ ಚೆಕ್ ಚಿತ್ರಕಾರ. ಅಗಸೆ ಗಿಡದಿಂದ ಬಟ್ಟೆ ಹೇಗಾಗುತ್ತದೆ ಎಂದು ಮಕ್ಕಳಿಗೆ ತಿಳಿಸುವ ಚಿತ್ರವೊಂದನ್ನು ಮಾಡುವ ಕೆಲಸ ಅವನಿಗೆ ಬಂದಿತ್ತು. ನಾಯಕನಾಗಿ ಯಾವ ಪ್ರಾಣಿಯನ್ನು ಹಾಕಲಿ ಎಂದು ತಲೆ ಕೆಡಿಸಿಕೊಂಡು ನಡೆಯುವಾಗ ಮೋಲ್ ತೋಡಿ ಹಾಕಿದ್ದ ಮಣ್ಣಿನ ಗುಡ್ಡೆಗೆ ಎಡವಿದನಂತೆ. 1957ರಲ್ಲಿ ಬಂದ ಆ ಚಿತ್ರಕ್ಕೆ ವೆನಿಸ್ ಚಿತ್ರೋತ್ಸವದಲ್ಲಿ ಬಹುಮಾನವೂ ಬಂತು. ತಮಾಷೆಯೆಂದರೆ ಅದರಲ್ಲಿ ಮಣ್ಣಿಲಿ ಮಾತನಾಡುತ್ತಾನೆ! ಚಿತ್ರ ದೇಶ ದಾಟಿದ ಮೇಲೆ, ಎಲ್ಲ ಕಡೆಯ ಮಕ್ಕಳಿಗೂ ಅರ್ಥವಾಗಲಿ ಎಂದು ಮಿಲೆರ್ ಮಾತನ್ನು ಕಿತ್ತುಹಾಕಿದ. 1963ರಿಂದ ಸರಣಿಯಾಗಿ ಬೆಳೆದ ಕಥೆಗಳಲ್ಲಿ ಉಳಿದದ್ದು ಸಂಗೀತ, ಕಿಲಕಿಲ ನಗು, ಅಚ್ಚರಿಯ ಒಂದು ಉದ್ಗಾರ, ಸಣ್ಣ ಅಳು. ಆ ಸದ್ದುಗಳಿಗೆ ಮಿಲೆರ್ ತನ್ನ ಹೆಣ್ಣುಮಕ್ಕಳ ದನಿಯನ್ನೇ ಬಳಸಿಕೊಂಡ. ಅವು ಯಾವುದೋ ಮನೆಯ ಹಜಾರದಿಂದ ಬಂದ ಸದ್ದಿನಂತೆ ಕೇಳುವುದು ಅದಕ್ಕೇ ಇರಬೇಕು.

ಇನ್ನು ಪ್ರಶ್ನೆಗೆ ಬರುತ್ತೇನೆ. ಮಗಳು ಶಿಶುವಿಹಾರದಲ್ಲಿ ಇಡೀ ದಿನ ಜರ್ಮನ್ ಕೇಳುತ್ತಾಳೆ. ಜರ್ಮನ್ ಮಾತಿನ ಕಾರ್ಟೂನ್ ಹಾಕಿದರೆ ಕಥೆಯೂ ಜರ್ಮನ್ನಿನಲ್ಲೇ ಅವಳ ತಲೆಗೆ ಹೋಗಿ ಕೂರುತ್ತದೆ. ಆಮೇಲೆ ನಾನು ಕನ್ನಡದಲ್ಲಿ "ಏನಾಯಿತು?" ಎಂದರೆ ಉತ್ತರ ಬರುವುದು ಜರ್ಮನ್ನಿನಲ್ಲಿ. ಅವಳ ತಪ್ಪಲ್ಲ, ಕಥೆ ಬಂದ ಭಾಷೆ ಅದು. ಮಣ್ಣಿಲಿಯ ಕಥೆ ಯಾವ ಭಾಷೆಯಲ್ಲೂ ಬರುವುದಿಲ್ಲ. ಪಕ್ಕದಲ್ಲಿ ಕೂತವರು ಯಾವ ಭಾಷೆಯಲ್ಲಿ ಬಾಯಿ ಹಾಕುತ್ತಾರೋ ಅದರಲ್ಲೇ ನಡೆಯುತ್ತದೆ. ಪಕ್ಕದಲ್ಲಿ ಕೂರುವವನು ನಾನು.

1969ರ ಚ್ಯೂಯಿಂಗ್ ಗಮ್ ಕಂತನ್ನೇ ನೋಡಿ. ಕಾಡಿಗೆ ಮೋಜಿಗೆ ಬಂದ ಜನ ಕಸ ಬಿಟ್ಟು ಹೋಗುತ್ತಾರೆ, ಆ ಕಸದಲ್ಲಿದ್ದ ಗಮ್ ಮಣ್ಣಿಲಿಗೆ ಅಂಟಿಕೊಳ್ಳುತ್ತದೆ. ಕಥೆ ಎಂದರೆ ಹೆಚ್ಚುಕಡಿಮೆ ಅಷ್ಟೇ. ಆದರೆ ಆ ಕೆಲವು ನಿಮಿಷಗಳಲ್ಲಿ ನಮ್ಮ ಸೋಫಾದ ಮೇಲೆ ಹಾದುಹೋದ ಶಬ್ದಗಳು: ಅಂಟು, ಜಿಗುಟು, ಜಗ್ಗು, ಎಳೆ, ಹಿಗ್ಗು, ಹರಿ, ಕಿತ್ತು ಬಾ. "ಎಳೆದ" ಬೇರೆ, "ಜಗ್ಗಿದ" ಬೇರೆ ಎಂದು ಅವಳಿಗೆ ತಿಳಿದದ್ದು ಅಂದೇ. ಅದಕ್ಕಿಂತ ಹೆಚ್ಚಾಗಿ, ಮಾತಿಲ್ಲದ ಚಿತ್ರ ನಮ್ಮ ಅನುಕರಣ ಶಬ್ದಗಳನ್ನು ಕರೆಯುತ್ತದೆ. ಮಣ್ಣಿಲಿ ನೀರಿಗೆ ಬಿದ್ದರೆ ದುಡುಮ್ಮನೆ, ಮಣ್ಣಿನಿಂದ ತಲೆ ಹೊರಹಾಕಿದರೆ ಬುಳಕ್ಕನೆ, ಓಡಿದರೆ ದಡದಡ, ನಕ್ಕರೆ ಕಿಸಕ್ಕನೆ. ವ್ಯಾಕರಣ ಪುಸ್ತಕದಲ್ಲಿ ಒಂದು ಪುಟಕ್ಕೆ ಮುಗಿದುಹೋಗುವ ಈ ಶಬ್ದಗಳು ನನ್ನ ನಾಲಿಗೆಯ ಮೇಲೆ ಇಷ್ಟೊಂದಿವೆ ಎಂದು ನನಗೇ ಗೊತ್ತಿರಲಿಲ್ಲ.

ಎಲ್ಲ ಕಂತುಗಳೂ ಇಷ್ಟು ಹಗುರವಲ್ಲ. 1982ರ ಪಟ್ಟಣದ ಕಥೆಯಲ್ಲಿ ಯಂತ್ರಗಳು ಕಾಡನ್ನೇ ಕಡಿದು ಊರು ಕಟ್ಟುತ್ತವೆ. ಮಣ್ಣಿಲಿ, ಮೊಲ, ಮೈತುಂಬ ಮುಳ್ಳಿನ ಹೆಡ್ಜ್‌ಹಾಗ್ ಮೂವರೂ ಮರದ ಬೊಡ್ಡೆಯ ಮೇಲೆ ಕೂತಿರುತ್ತಾರೆ. ಅಲ್ಲಿ ನಾನೂ ಸುಮ್ಮನಾದೆ. "ಅಪ್ಪಾ, ಹೇಳು" ಎಂದಳು. ಏನು ಹೇಳುವುದು? "ಮನೆ ಹೋಯಿತು" ಎಂದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಸಾರು ಕುದಿಯುವಾಗ, ಕಚೇರಿಯ ಕರೆ ಬಂದಾಗ, ಮಗಳನ್ನು ಮಣ್ಣಿಲಿಯ ಮುಂದೆ ಒಬ್ಬಳನ್ನೇ ಕೂರಿಸಿದ್ದೂ ಉಂಟು. ಆಗ ಅವಳು ಒಂದು ಶಬ್ದವನ್ನೂ ಕಲಿತಿಲ್ಲ. ಬಾಯಿ ತೆರೆದುಕೊಂಡು ನೋಡಿದಳು, ಮುಗಿಯಿತು, ಇನ್ನೊಂದು ಹಾಕು ಎಂದಳು. ಅವ್ವನ ಆತಂಕ ಆ ಮಟ್ಟಿಗೆ ಸರಿ. ಪಕ್ಕದಲ್ಲಿ ಕೂರಲು ಸಮಯವಿಲ್ಲದ ದಿನ ಮಾತಿರುವ ಕಾರ್ಟೂನೇ ವಾಸಿ.

ಅವ್ವನಿಗೆ ಇದನ್ನೆಲ್ಲ ವಿವರಿಸುವ ಗೋಜಿಗೆ ಹೋಗಲಿಲ್ಲ. ಒಂದು ಭಾನುವಾರ ಮೊಬೈಲನ್ನು ಟಿವಿಯ ಎದುರು ನಿಲ್ಲಿಸಿ, ಆ ಮೊದಲ ಚಿತ್ರವನ್ನೇ ಹಾಕಿದೆ, ಸದ್ದು ಪೂರ್ತಿ ಇಳಿಸಿ. ಮಣ್ಣಿಲಿಗೆ ಜೇಬಿರುವ ಚಡ್ಡಿ ಬೇಕು. ಕತ್ತರಿಸುವವರಿದ್ದಾರೆ, ಹೊಲಿಯುವವರಿದ್ದಾರೆ, ಬಟ್ಟೆಯೇ ಇಲ್ಲ. ನೀಲಿ ಹೂವಿನ ಗಿಡ ಕಾಣಿಸಿತು.

"ಅದು ಅಗಸೆಯಲ್ಲವೇನೋ?" ಎಂದಳು ಅವ್ವ. "ಚಟ್ನಿ ಪುಡಿಯ ಅಗಸೆ. ಅದರಿಂದ ಬಟ್ಟೆ ಮಾಡುತ್ತಾರಾ?"

ಗಿಡ ನೀರಿಗೆ ಬಿದ್ದದ್ದೇ ತಡ, ಅವಳೇ ಶುರುಮಾಡಿದಳು. "ನೆನೆಹಾಕಿದರು ನೋಡು ಕೂಸೇ. ನಾವೂ ಪುಂಡಿ ಕಟ್ಟಿಗೆಯನ್ನು ಹಳ್ಳದಲ್ಲಿ ಹೀಗೇ ನೆನೆಹಾಕಿ, ಮೇಲೆ ಕಲ್ಲು ಹೇರುತ್ತಿದ್ದೆವು. ಕೊಳೆತ ಮೇಲೆ ನಾರು ಸುಲಿಯುವುದು. ಅಬ್ಬಾ, ಆ ವಾಸನೆ!" ಮಗಳು ಮೂಗು ಮುಚ್ಚಿಕೊಂಡಳು. ಕೊಕ್ಕರೆ ಕೊಕ್ಕಿನಿಂದ ದಂಟು ಮುರಿಯಿತು, ಹೆಡ್ಜ್‌ಹಾಗ್ ತನ್ನ ಮುಳ್ಳಿನಿಂದ ನಾರು ಬಾಚಿತು, ಜೇಡಗಳು ನೂಲು ತೆಗೆದವು, ಇರುವೆಗಳು ನೇಯ್ದವು. ಒಂದೊಂದಕ್ಕೂ ಅವ್ವನ ಬಳಿ ಒಂದೊಂದು ಕ್ರಿಯಾಪದ: ಸುಲಿ, ಬಡಿ, ಹಿಂಜು, ನೂಲು, ಹೊಸೆ, ನೇಯಿ. ಅವುಗಳಲ್ಲಿ ಎರಡನ್ನು ನಾನೇ ಮರೆತಿದ್ದೆ.

"ಅಜ್ಜಿ, ಹೊಸೆ ಎಂದರೆ?" ಮಗಳು ಕೇಳಿದಳು.

ಅವ್ವ ಸೀರೆ ಸರಿಸಿ, ತೊಡೆಯ ಮೇಲೆ ಅಂಗೈಯಿಟ್ಟು ಇಲ್ಲದ ಹಗ್ಗವನ್ನು ಹೊಸೆದು ತೋರಿಸಿದಳು. ಇಲ್ಲಿ ಇವಳೂ ತೊಡೆಯ ಮೇಲೆ ಅಂಗೈ ಉಜ್ಜತೊಡಗಿದಳು. ಟಿವಿಯಲ್ಲಿ ಮಣ್ಣಿಲಿಯ ನೀಲಿ ಚಡ್ಡಿ ಸಿದ್ಧವಾದದ್ದನ್ನು ಇಬ್ಬರೂ ನೋಡಲಿಲ್ಲ.